ತಾವರೆ ಮೂಲೆಯ ದೇವನಕ್ಕಿ

ಹಕ್ಕಿಗಳ ಫೋಟೋ ತೆಗೆಯುವುದು ನನ್ನ ಕೆಲಸವಾಗಿತ್ತು ಎಂದರೆ ಸಾಕು, ಕೇಳಿದವರೆಲ್ಲ "ಪುಣ್ಯ ಮಾಡಿದ್ರಿ ಬಿಡಿ ಮೇಡಂ" ಎನ್ನುತ್ತಾರೆ. ಪುಣ್ಯದ ವಿಚಾರ ಆಮೇಲೆ ನೋಡೋಣ, ಮೊದಲು ಸೊಂಟದ ವಿಚಾರ ಹೇಳುತ್ತೇನೆ. ಕೆರೆ ಏರಿಯ ಒದ್ದೆ ಹುಲ್ಲಿನ ಮೇಲೆ ಬೋರಲು ಮಲಗಿ, ಕುತ್ತಿಗೆ ಎತ್ತಿ, ಕೆಮ್ಮು ಬಂದರೆ ನುಂಗಿಕೊಂಡು, ಕಾಲಿಗೆ ಇರುವೆ ಹತ್ತಿದರೂ ಕೊಡವದೆ ಅರ್ಧ ದಿನ ಇದ್ದು ನೋಡಿ. ಅಷ್ಟಾದ ಮೇಲೆ ಹಕ್ಕಿ ನಿಮಗೆ ಬೆನ್ನು ತೋರಿಸಿ ಕೂರುತ್ತದೆ. ಪುಣ್ಯದ ಬಗ್ಗೆ ನೀವೇ ತೀರ್ಮಾನ ಮಾಡಿ.

ಈಚೆಗೆ ನಮ್ಮ ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದರು. ವೇದಿಕೆ, ಹಾರ, ಕಿರ್ರೆನ್ನುವ ಮೈಕು ಎಲ್ಲ ಇತ್ತು. ಗಾಬರಿಯಲ್ಲಿ ಲೆನ್ಸಿನ ಬಗ್ಗೆ, ಬೆಳಕಿನ ಬಗ್ಗೆ ಏನೇನೋ ಹೇಳಿ ಇಳಿದುಬಿಟ್ಟೆ. ಹೇಳಬೇಕಾಗಿದ್ದದ್ದೆಲ್ಲ ನೆನಪಾಗಿದ್ದು ಮನೆಗೆ ಬಂದು ಕಾಫಿ ಕುಡಿಯುವಾಗ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಲೆನ್ಸಿನ ವಿಷಯ ನಿಮಗೇ ನನಗಿಂತ ಚೆನ್ನಾಗಿ ಗೊತ್ತಿದೆ.

ನಾನು ಸಾಸಲಿನ ಕಡೆಯವಳು. ಬೇಸಾಯದ ಮನೆ. ಎಸ್ಸೆಸ್ಸೆಲ್ಸಿ ಆದಮೇಲೆ ದೊಡ್ಡಬಳ್ಳಾಪುರದ ಒಂದು ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುವ ಕೆಲಸಕ್ಕೆ ಸೇರಿದೆ. ಮದುಮಗಳ ಕೆನ್ನೆಯ ಮೊಡವೆಯನ್ನು ಸಣ್ಣ ಪೆನ್ಸಿಲಿನಿಂದ ಮರೆಸುವುದು, ಮದುಮಗನ ನಿದ್ದೆಗಣ್ಣನ್ನು ತೆರೆಸುವುದು. ಹೊರಗೆ ಬೀದಿಯುದ್ದಕ್ಕೂ ಮಗ್ಗಗಳ ಸದ್ದು. ಆ ಸದ್ದಿನಿಂದ ತಪ್ಪಿಸಿಕೊಂಡರೆ ಸಾಕೆಂದು ಇಲಾಖೆಯ ಫೋಟೋ ವಿಭಾಗಕ್ಕೆ ಅರ್ಜಿ ಹಾಕಿದವಳು ನಾನು. ಹಕ್ಕಿಗಳ ಮೇಲಿನ ಪ್ರೀತಿಯಿಂದ ಬಂದೆ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ.

"ಕೆರೆ ಕುಂಟೆ ಅಲೀಬೇಕಾಗ್ತದೆ. ಅಲೀತೀಯೇನಮ್ಮಾ?"

"ಅಲ್ಕೊಂಡೇ ಬೆಳ್ದಿದೀನಿ ಸಾರ್" ಎಂದೆ. ಕೆಲಸ ಸಿಕ್ಕಿತು.

ಪ್ರಶ್ನೆ ಕೇಳಿದವರು ನಂಜಪ್ಪ ಸಾರ್, ವಿಭಾಗದ ಹಿರಿಯ ಫೋಟೋಗ್ರಾಫರು. ಕುಳ್ಳಗೆ, ಬಾಯಲ್ಲಿ ಸದಾ ಎಲೆ ಅಡಿಕೆ, ಮೂಗಿನ ತುದಿಯಲ್ಲಿ ಕೋಪ. ಶುರುವಿನಲ್ಲಿ ನನಗೆ ಕ್ಯಾಮೆರಾ ಮುಟ್ಟಲೇ ಬಿಡಲಿಲ್ಲ. ಸುಮ್ಮನೆ ಕೆರೆ ದಂಡೆಯಲ್ಲಿ ಕೂರಿಸಿ, ಸಂಜೆ "ಏನ್ ನೋಡ್ದೆ?" ಎಂದು ಕೇಳುವುದು. ನಾನು ಹಕ್ಕಿಗಳ ಹೆಸರು ಹೇಳಿದರೆ "ಹೆಸರು ಪುಸ್ತಕದಲ್ಲೂ ಇರ್ತವೆ. ಅದು ಏನ್ ಮಾಡ್ತಿತ್ತು ಹೇಳು" ಎಂದು ಗದರುವುದು. ಆಗ ಅಳು ಬರುತ್ತಿತ್ತು, ಈಗ ಕೈ ಮುಗಿಯಬೇಕೆನಿಸುತ್ತದೆ.

ಅವರದು ಎರಡೇ ಕಟ್ಟಳೆ. ಗೂಡಿನ ಹತ್ತಿರ ಹೋಗಬಾರದು, ಅದು ಮೊದಲನೆಯದು. ನಾವು ಗೂಡಿನ ಬಳಿ ನಿಂತ ಹೊತ್ತೆಲ್ಲ ತಂದೆತಾಯಿ ಹಕ್ಕಿ ದೂರ ಕೂತು ಒದ್ದಾಡುತ್ತದೆ. ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಕಾಗೆಯ ಪಾಲಾಗುತ್ತದೆ. ಒಂದು ಕೆರೆಯಲ್ಲಿ ತೆಗೆದ ಚಿತ್ರವನ್ನು ಇನ್ನೊಂದು ಕೆರೆಯದೆಂದು ಹೇಳಬಾರದು, ಇದು ಎರಡನೆಯದು. ಇವೆರಡನ್ನು ಮುರಿದವರನ್ನು ನಂಜಪ್ಪ ಸಾರ್ ಜೀಪಿನಿಂದ ಇಳಿಸಿ ಬಸ್ಸಿಗೆ ಹತ್ತಿಸಿ ಮನೆಗೆ ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಎಡವಟ್ಟುಗಳಿಗೇನೂ ಕೊರತೆ ಇರಲಿಲ್ಲ. ಫಿಲಂ ಕಾಲದಲ್ಲಿ ಎಡವಟ್ಟು ಗೊತ್ತಾಗುತ್ತಿದ್ದದ್ದು ತೊಳೆದ ಮೇಲೆಯೇ. ಹೊಸಕೋಟೆ ಕಡೆಯ ಒಂದು ಕೆರೆಯಲ್ಲಿ, ಮಂಜಿನ ಬೆಳಗಿನಲ್ಲಿ, ಜೊಂಡಿನ ಮಧ್ಯೆ ಒಂದು ಬೂದು ಬಕ ಅಲ್ಲಾಡದೆ ನಿಂತಿತ್ತು. ಎಂಥ ತಾಳ್ಮೆಯ ಹಕ್ಕಿಯಪ್ಪಾ ಎಂದು ಮೆಚ್ಚಿಕೊಂಡು ಒಂದು ಸುರುಳಿ ಫಿಲಂ ಪೂರ್ತಿ ಅದಕ್ಕೇ ಸುರಿದೆ. ತೊಳೆದು ನೋಡಿದರೆ ಮೀನಿನವರು ಬಲೆಯ ಗುರುತಿಗೆಂದು ಗಳಕ್ಕೆ ಸಿಕ್ಕಿಸಿದ್ದ ಒಡಕು ಮಡಕೆ, ಅದರ ಮೇಲೊಂದು ಹಳೇ ಟವೆಲ್ಲು. ನಂಜಪ್ಪ ಸಾರ್ ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿ, ಕೆಳಗೆ "ಗೌರಮ್ಮನ ಬಕ" ಎಂದು ಬರೆದರು. ಅದು ಗೋಡೆಯಿಂದ ಇಳಿದಿದ್ದು ಅವರು ನಿವೃತ್ತರಾದ ಮೇಲೆಯೇ.

ಇನ್ನೊಂದು ಗುಟ್ಟು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ವನ್ಯಜೀವಿ ಫೋಟೋಗ್ರಾಫರ್ ಎಂದು ಸೇರಿದ ನನ್ನ ಸೇವೆಯ ಬಹುಪಾಲು ಗಿಡ ನೆಡುವವರ ಫೋಟೋ ತೆಗೆಯುವುದರಲ್ಲಿ ಕಳೆಯಿತು. ಒಂದು ಸಸಿ, ಅದನ್ನು ಹಿಡಿದ ಹತ್ತು ಕೈ, ಹಿಂದಿನ ಸಾಲಿನಲ್ಲಿ ಮುಖ ಮಾತ್ರ ತೂರಿಸಿದ ಇನ್ನೂ ಹತ್ತು ಜನ. ನೆಲಮಂಗಲದ ಆಚೆ, ಅರಿಶಿನಕುಂಟೆಯ ಹತ್ತಿರ ಹೆದ್ದಾರಿ ಬದಿಯ ಒಂದೇ ಗುಂಡಿಯಲ್ಲಿ ಮೂರು ಮಳೆಗಾಲ ಮೂರು ಸಸಿ ನೆಟ್ಟದ್ದನ್ನು ನಾನೇ ತೆಗೆದಿದ್ದೇನೆ. ಹೋದ ವರ್ಷದ ಗಿಡ ಎಲ್ಲಿ ಎಂದು ಕೇಳುವುದು ಫೋಟೋಗ್ರಾಫರ ಕೆಲಸವಲ್ಲ ಎಂದು ಆಗಿನ ಒಬ್ಬ ಸಾಹೇಬರು ನನಗೆ ತಿಳಿಹೇಳಿದ್ದರು. ಇಂಥ ದಿನಗಳೂ ಇರುತ್ತವೆ. ಸಹಿಸಿಕೊಳ್ಳಿ, ಮಾರನೇ ದಿನ ಕೆರೆ ಅಲ್ಲೇ ಇರುತ್ತದೆ.

ಆಮೇಲೆ ಡಿಜಿಟಲ್ ಬಂತು. ತೆಗೆದದ್ದು ತಕ್ಷಣ ಕಾಣುತ್ತದೆ, ಸರಿ ಇಲ್ಲದಿದ್ದರೆ ಅಳಿಸಬಹುದು. ಇದರಿಂದ ನನ್ನ ಜೀವಕ್ಕೆ ಎಷ್ಟು ನೆಮ್ಮದಿಯಾಯಿತೆಂದು ಬಾಯಲ್ಲಿ ಹೇಳಲಾರೆ. ಹಳೇ ಕಾಲವೇ ಚೆಂದ ಎನ್ನುವವರ ಪಂಗಡಕ್ಕೆ ನಾನು ಸೇರುವುದಿಲ್ಲ. ಆದರೆ ಜೊತೆಗೇ ಭಾನುವಾರದ ಸೈನ್ಯವೂ ಬಂತು. ಬೆಂಗಳೂರಿನಿಂದ ಕಾರುಗಳಲ್ಲಿ ಇಳಿಯುವುದು, ಫಿರಂಗಿಯಂಥ ಲೆನ್ಸು, ಎಲೆ ಬಣ್ಣದ ಅಂಗಿ, ಬಾಯಿ ಮಾತ್ರ ಸಂತೆ. ಕೆಲವರು ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಕರೆಯುತ್ತಾರೆ. ಪಾಪ, ತನ್ನ ಜಾಗಕ್ಕೆ ಯಾರೋ ಬಂದರೆಂದು ಅದು ತಿನ್ನುವುದು ಬಿಟ್ಟು ಜಗಳಕ್ಕೆ ಓಡಿಬರುತ್ತದೆ. ಅಂಥವರಿಗೆ ನಾನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಕೆರೆ ಏರಿಯ ಮೇಲೆ ದನಿ ಎತ್ತಿದವರನ್ನು ನಾನು ಸಾಮಾನ್ಯವಾಗಿ ಬಿಟ್ಟವಳಲ್ಲ.

ಇಷ್ಟು ಪೀಠಿಕೆ ಸಾಕು. ನಿಮಗೆ ನಿಜವಾಗಿ ಹೇಳಬೇಕೆಂದಿದ್ದು ಒಂದು ದಿನದ ಕಥೆ.

ನಾನು ನಿವೃತ್ತಿಯಾಗುವುದಕ್ಕೆ ಮುಂಚಿನ ಮಳೆಗಾಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಕೆರೆಯನ್ನು ಹಕ್ಕಿಗಳಿಗೆಂದು ಮೀಸಲಿಟ್ಟು ತಂತಿಬೇಲಿ ಹಾಕಿದ್ದರು. ಅದನ್ನು ದೊಡ್ಡಕೆರೆ ಎಂದೇ ಕರೆಯುತ್ತೇನೆ. ನಮ್ಮ ಜಿಲ್ಲೆಯಲ್ಲಿ ಊರಿಗೊಂದು ದೊಡ್ಡಕೆರೆ ಇರುವುದರಿಂದ ನೀವು ಹುಡುಕಿಕೊಂಡು ಹೋಗುವ ಅಪಾಯವಿಲ್ಲ. ಆ ವರ್ಷ ಒಳ್ಳೆ ಮಳೆಯಾಗಿ ಕೆರೆ ತುಂಬಿತ್ತು. ಹೆಜ್ಜಾರ್ಲೆಗಳು ದೋಣಿಗಳಂತೆ ತೇಲುತ್ತಿದ್ದವು, ಗುಳುಮುಳುಕಗಳು ಕಂಡಲ್ಲೆಲ್ಲ ಮುಳುಗಿ ಏಳುತ್ತಿದ್ದವು. ಬಡಗಣ ಮೂಲೆಯಲ್ಲಿ ಮಾತ್ರ ನೀರೇ ಕಾಣದಂತೆ ತಾವರೆ ಎಲೆ ಹಬ್ಬಿತ್ತು. ಆ ತಾವರೆ ಮೂಲೆಯಲ್ಲಿ ಒಂದು ದೇವನಕ್ಕಿ ಮೊಟ್ಟೆಯ ಮೇಲೆ ಕೂತಿತ್ತು.

ದೇವನಕ್ಕಿಯನ್ನು ನೋಡದವರಿಗೆ ಹೇಳುತ್ತೇನೆ. ಕೋಳಿಗಿಂತ ಚಿಕ್ಕದು, ಕಪ್ಪು ಮೈ, ಕಂಚಿನ ಬಣ್ಣದ ರೆಕ್ಕೆ, ಬಿಳಿ ಹುಬ್ಬು. ಕಾಲ್ಬೆರಳುಗಳು ಎಷ್ಟು ಉದ್ದವೆಂದರೆ ತೇಲುವ ಎಲೆಗಳ ಮೇಲೆ ಮುಳುಗದೆ ನಡೆದುಹೋಗುತ್ತದೆ. ಗೂಡೂ ಎಲೆಯ ಮೇಲೆಯೇ, ನಾಲ್ಕು ಒದ್ದೆ ಕಡ್ಡಿ ಒಟ್ಟಿದರೆ ಆಯಿತು. ಇದರ ಸಂಸಾರದ ರೀತಿಯೇ ಬೇರೆ. ಹೆಣ್ಣು ಮೊಟ್ಟೆಯಿಟ್ಟು ತನ್ನ ಪಾಡಿಗೆ ಹೊರಟುಹೋಗುತ್ತದೆ. ಕಾವು ಕೂರುವುದು, ಮರಿ ಸಾಕುವುದು, ಹದ್ದು ಬಂದರೆ ಅಡಗಿಸುವುದು, ಎಲ್ಲವೂ ಗಂಡಿನ ಕೆಲಸ. ತಾವರೆ ಮೂಲೆಯಲ್ಲಿ ಕೂತಿದ್ದದ್ದೂ ಅಪ್ಪನೇ.

ನಮ್ಮ ಆಗಿನ ಸಾಹೇಬರು ಪ್ರಶಾಂತ್ ಎಂದು, ಚಿಕ್ಕ ವಯಸ್ಸಿನವರು. ಕೆಟ್ಟವರಲ್ಲ. ಕೆರೆಗೆ ಬೇಲಿ ಹಾಕಿಸಲು ಓಡಾಡಿದವರೇ ಅವರು. ಆದರೆ ಶುಚಿಯ ಹುಚ್ಚು. ಅಂತರಗಂಗೆ ಕಳೆ ಹಬ್ಬಿ ಕೆರೆ ಕೆಡುತ್ತಿತ್ತು ನಿಜ. ಅದನ್ನು ತೆಗೆಸಲು ನೀರಿನ ಮೇಲೆ ಓಡಾಡುವ ದೊಡ್ಡ ಯಂತ್ರವೊಂದನ್ನು ತರಿಸಿದರು. ತೆಗೆಯುವುದೇ ಆದರೆ ತಾವರೆಯೂ ಹೋಗಲಿ, ಕೆರೆ ಪೂರ್ತಿ ಕನ್ನಡಿಯಂತಾಗಲಿ ಎನ್ನುವುದು ಅವರ ಆಸೆ.

"ಸಾರ್, ಆ ಮೂಲೇಲಿ ದೇವನಕ್ಕಿ ಮೊಟ್ಟೆ ಇಟ್ಟಿದೆ. ಮರಿ ಆಗೋವರೆಗೆ ಅದೊಂದನ್ನ ಬಿಡಿಸಿ" ಎಂದೆ.

"ನೀವು ಹೇಳಿದ್ಮೇಲೆ ಇರುತ್ತೆ ಮೇಡಂ. ಆದ್ರೆ ಕೆಲಸ ನಿಲ್ಲಿಸಿದ್ರೆ ಯಾಕೆ ಅಂತ ನನ್ನ ಮೇಲಿನವರು ಕೇಳ್ತಾರೆ. ಮೊಟ್ಟೆನೋ ಮರೀನೋ, ಒಂದು ಫೋಟೋ ಕೊಡಿ. ಮೂಲೆ ನಿಮ್ಮದು."

"ಗೂಡಿನ ಹತ್ರ ಹೋಗಬಾರದು ಸಾರ್."

"ಹೋಗದೇ ತೆಗೀರಿ. ಅದಕ್ಕೇ ತಾನೇ ಅಷ್ಟು ದೊಡ್ಡ ಲೆನ್ಸು?" ಎಂದು ನಕ್ಕರು. ಯಂತ್ರ ಮಾರನೇ ದಿನ ಬೆಳಿಗ್ಗೆ ನೀರಿಗಿಳಿದು, ಸಂಜೆಯೊಳಗೆ ತಾವರೆ ಮೂಲೆಗೆ ಬರುವುದೆಂದು ಗೊತ್ತಾಗಿತ್ತು. ಇದ್ದದ್ದು ಆ ಒಂದೇ ದಿನ.

ಲೆಕ್ಕ ಕಷ್ಟದ್ದೇನೂ ಅಲ್ಲ ಎಂದುಕೊಂಡಿದ್ದೆ. ಕಾವು ಕೂತ ಹಕ್ಕಿ ಆಗಾಗ ಎದ್ದು ಮೊಟ್ಟೆ ಹೊರಳಿಸುತ್ತದೆ. ಏರಿಯ ಮೇಲಿಂದ ಉದ್ದ ಲೆನ್ಸು ಹಿಡಿದು ಕಾದರೆ ಆ ಗಳಿಗೆಯಲ್ಲಿ ಮೊಟ್ಟೆ ಸಿಕ್ಕೇ ಸಿಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಹೋಗಿ ಬಳ್ಳಾರಿ ಜಾಲಿಯ ಮರೆಯಲ್ಲಿ ಚಾಪೆ ಹಾಸಿದೆ. ಕೆರೆ ಕಾಯುವ ತಿಮ್ಮಯ್ಯ ಟೀ ತಂದುಕೊಟ್ಟು ಪಕ್ಕದಲ್ಲೇ ಕೂತ. ಅವನು ಆ ಊರಿನವನೇ, ಹಿಂದೆ ಅದೇ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದವನು.

ಮಂಜು ಸರಿಯಿತು. ಲೆನ್ಸಿನಲ್ಲಿ ಗೂಡು ಹುಡುಕಿದೆ. ಗೂಡು ಖಾಲಿ. ಹಕ್ಕಿಯೂ ಇಲ್ಲ, ಮೊಟ್ಟೆಯೂ ಇಲ್ಲ, ಬರೀ ಒದ್ದೆ ಕಡ್ಡಿ.

"ಬೇರೆ ಎಲೆ ನೋಡ್ತಿದೀರೇನೋ" ಎಂದ ತಿಮ್ಮಯ್ಯ.

"ಇಲ್ಲ ಕಣೋ. ಅದೇ ಎಲೆ, ಅಂಚು ಹರಿದಿರೋದು. ನಾನು ದಿನಾ ನೋಡಿದ್ದೀನಿ."

"ಹಂಗಾರೆ ಹದ್ದು ಹೊತ್ಕೊಂಡೋಗೈತೆ ಬುಡಿ. ಇಲ್ಲಾ ಹಾವು."

ಮರಿಯಾಗಲು ಇನ್ನೂ ಸುಮಾರು ದಿನ ಬೇಕೆಂದು ನನ್ನ ಅಂದಾಜಿತ್ತು. ಅಷ್ಟು ದಿನ ಮಳೆಯಲ್ಲೂ ಏಳದೆ ಕೂತಿದ್ದ ಅಪ್ಪ ಕಣ್ಣಿಗೆ ಕಟ್ಟಿತು. ಹಕ್ಕಿಗಳ ಜೊತೆ ಕೆಲಸ ಮಾಡುವವರು ಮೊಟ್ಟೆ ಹೋಯಿತೆಂದು ಅಳುತ್ತ ಕೂರಬಾರದು, ಹೋಗುವುದೇ ಹೆಚ್ಚು. ಆದರೂ ಅಂದು ಆ ಖಾಲಿ ಎಲೆಯಿಂದ ಲೆನ್ಸು ತಿರುಗಿಸಲಿಲ್ಲ.

ಅಷ್ಟರಲ್ಲಿ ತೆಂಕಣ ದಂಡೆಯಲ್ಲಿ ಯಂತ್ರ ಗುಡುಗಿತು. ಬಸ್ಸನ್ನೇ ನೀರಿಗೆ ಇಳಿಸಿದಂಥ ಆಕಾರ. ಮುಂದೆ ಹಲ್ಲಿನ ಪಟ್ಟಿ, ಅದು ಅಂತರಗಂಗೆಯನ್ನು ಬಾಚಿ ಎಳೆದು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ನಡೆಸುತ್ತಿದ್ದವನು ಮುನಿರಾಜು ಎಂಬ ಹೊಸಕೋಟೆ ಕಡೆಯ ಯುವಕ. ಒಂದು ಸುತ್ತು ಮುಗಿಸಿ ದಂಡೆಗೆ ಬಂದವನು ನಮ್ಮ ಹತ್ತಿರ ನೀರು ಕೇಳಿಕೊಂಡು ಬಂದ.

"ಏನ್ ಮೇಡಂ, ಸಿಕ್ತಾ ಫೋಟೋ? ಸಾಹೇಬ್ರು ಹೇಳಿದ್ರು. ಸಿಕ್ಕಿದ್ರೆ ಆ ಮೂಲೆ ಬುಟ್ಬುಡು, ಇಲ್ಲಾಂದ್ರೆ ಹೊಡ್ದಾಕು ಅಂತ."

ಹಕ್ಕಿಯ ಕಥೆ ಹೇಳಿದೆ. ಕಾವು ಕೂತಿದ್ದದ್ದು ಗಂಡು ಎಂದಾಗ ಅವನು ನೀರು ಕುಡಿಯುವುದನ್ನೇ ನಿಲ್ಲಿಸಿದ.

"ಗಂಡಾ? ಹೆಣ್ಣು?"

"ಹೆಣ್ಣು ಹೊರಗಡೆ ಕೆಲಸದ ಮೇಲೆ ಇರ್ತದೆ ಅಂತಿಟ್ಕೊ."

ಮುನಿರಾಜು ಜೋರಾಗಿ ನಕ್ಕುಬಿಟ್ಟ. "ನಮ್ಮನೇಲೂ ಇದೇ ಕತೆ ಮೇಡಂ! ನಮ್ಮವಳು ಪಿಲ್ಲಗುಂಪೆ ಫ್ಯಾಕ್ಟರೀಲಿ ಶಿಫ್ಟು. ನಂಗೆ ಕೆಲ್ಸ ಇಲ್ದಾಗ ಎರಡು ಮಕ್ಕಳ್ನೂ ಎದ್ದೇಳ್ಸಿ, ಜಡೆ ಹಾಕಿ, ಸ್ಕೂಲಿಗ್ ಬಿಡೋದು ನಾನೇ. ಜಡೆ ಮಾತ್ರ ಸೊಟ್ಟಗೇ ಬರ್ತದೆ." ನಗು ಮುಗಿದ ಮೇಲೆ ತಾವರೆ ಮೂಲೆಯ ಕಡೆ ನೋಡಿ, "ಛೇ, ಒಂದು ಹಳೇ ಫೋಟೋ ಆದ್ರೂ ಇಲ್ವಾ ನಿಮ್ಹತ್ರ? ಹಾಕ್ಬುಡಿ. ಎಲ್ಲ ಮೊಟ್ಟೇನೂ ಒಂದೇ ಥರ ಇರ್ತದೆ. ಯಾರಿಗ್ ಗೊತ್ತಾಯ್ತದೆ?" ಎಂದ.

ಇತ್ತು. ದೇವನಹಳ್ಳಿ ಕಡೆಯ ಕೆರೆಯೊಂದರಲ್ಲಿ, ದಂಡೆಯಿಂದಲೇ ಸಿಕ್ಕಿದ್ದ ಒಳ್ಳೆಯ ಚಿತ್ರ ಮನೆಯ ಕಂಪ್ಯೂಟರಿನಲ್ಲಿತ್ತು. ಆ ಯೋಚನೆ ಅವನಿಗಿಂತ ಮುಂಚೆ ನನಗೇ ಬಂದು ಹೋಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಯಾವುದಕ್ಕೆ? ಗೂಡು ಖಾಲಿಯಾಗಿತ್ತು. ಸುಳ್ಳು ಚಿತ್ರ ಕೊಟ್ಟು ಬರಿದಾದ ಗೂಡನ್ನು ಉಳಿಸಿ, ಮುಂದೆ ನಾನು ನಿಜವಾದ ಮೊಟ್ಟೆ ತೋರಿಸಿದಾಗ ಯಾರೂ ನಂಬದಂತೆ ಮಾಡಿಕೊಳ್ಳಬೇಕೇ? ಈ ಕೆಲಸದಲ್ಲಿ ನಮ್ಮ ಕೈಯಲ್ಲಿರುವುದು ಆ ನಂಬಿಕೆಯೊಂದೇ. "ಆಗಲ್ಲಪ್ಪಾ" ಎಂದೆ. ಅವನು ಒತ್ತಾಯಿಸಲಿಲ್ಲ.

ನಡುಹಗಲಿಗೆ ಸಾಹೇಬರ ಫೋನು. "ಸಿಕ್ತಾ ಮೇಡಂ?" "ಇನ್ನೂ ಇಲ್ಲ ಸಾರ್." "ಊಟ ಮುಗಿಸ್ಕೊಂಡು ನಾನೇ ಬರ್ತೀನಿ, ನೋಡೋಣ." ಗೂಡು ಖಾಲಿ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅವರು ಬರುವವರೆಗೂ ಹುಡುಕುತ್ತೇನೆ ಎಂದು ಮತ್ತೆ ಲೆನ್ಸಿಗೆ ಕಣ್ಣಿಟ್ಟೆ. ತಿಮ್ಮಯ್ಯ ಬುತ್ತಿ ಬಿಚ್ಚಿ ಅವರೆಕಾಳಿನ ಉಪ್ಪಿಟ್ಟು ಕೊಟ್ಟ. ಕೈಯಲ್ಲಿ ಹಿಡಿದದ್ದು ಹಾಗೇ ಆರಿತು.

ಆಗ ಕಂಡಿತು. ಹಳೇ ಗೂಡಿನಿಂದ ಬಹಳ ಆಚೆ, ಜೊಂಡಿನ ಅಂಚಿನಲ್ಲಿ, ದೇವನಕ್ಕಿ ಕುಗ್ಗಿಕೊಂಡು, ರೆಕ್ಕೆಗಳನ್ನು ಮೈಗೆ ಬಿಗಿಯಾಗಿ ಒತ್ತಿಕೊಂಡು ನಡೆಯುತ್ತಿತ್ತು. ಸಂತೋಷಪಡಬೇಕೆನ್ನುವಷ್ಟರಲ್ಲಿ ಅದರ ಎರಡು ರೆಕ್ಕೆಗಳ ಅಡಿಯಿಂದಲೂ ಏನೋ ಜೋತಾಡುವುದು ಕಾಣಿಸಿತು. ಸಣ್ಣ ಸಣ್ಣ ಎಳೆಗಳು. ಹೆಜ್ಜೆ ಹಾಕಿದಂತೆ ಅವೂ ತೂಗುತ್ತಿದ್ದವು.

"ತಿಮ್ಮಯ್ಯಾ, ಬಲೆ ಕಣೋ! ಹಕ್ಕಿ ಬಲೆಗೆ ಸಿಕ್ಕಾಕ್ಕೊಂಡಿದೆ!"

ಅದೇ ತಿಂಗಳು ಬೇರೆ ಕೆರೆಯಲ್ಲಿ ನೈಲಾನ್ ಬಲೆಗೆ ಸಿಕ್ಕಿದ್ದ ಒಂದು ನೀರುಕಾಗೆಯನ್ನು ನಾವು ಬ್ಲೇಡು ಹಾಕಿ ಬಿಡಿಸಿದ್ದೆವು. ಅದರ ಹರಿದ ರೆಕ್ಕೆ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಅಭ್ಯಾಸದಂತೆ ಬೆರಳು ತಾನೇ ಗುಂಡಿ ಒತ್ತಿ ಐದಾರು ಚಿತ್ರ ತೆಗೆದುಕೊಂಡಿತು. ಯಾರೋ ಕದ್ದು ಬಲೆ ಬಿಟ್ಟದ್ದಕ್ಕೆ ಇದೇ ಸಾಕ್ಷಿಯಾಗುತ್ತದೆ ಎಂದು ಹಲ್ಲು ಕಡಿದೆ. ಮೊಟ್ಟೆ ಹೋಯಿತು, ಈಗ ಅಪ್ಪನೂ ಹೋಗುತ್ತಾನೆ. ಹಾಗೆ ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ.

"ತೆಪ್ಪ ಇಳ್ಸು. ಹಿಡ್ದು ಬಿಡಿಸೋಣ."

"ಅಮ್ಮಾ, ನಿಮಗೆ ಈಜು ಬರಾಕಿಲ್ಲ."

"ನೀನು ಮುಳುಗಿಸದೇ ಇದ್ರೆ ಸಾಕು. ನಡಿ."

ಥರ್ಮಾಕೋಲು ಕಟ್ಟಿದ ಆ ತೆಪ್ಪದ ಮೇಲೆ ಅರವತ್ತರ ಹತ್ತಿರದ ನಾನು ಸೀರೆ ಎತ್ತಿ ಕಟ್ಟಿ, ಎದೆಗೆ ಕ್ಯಾಮೆರಾ ಅಪ್ಪಿಕೊಂಡು ಕೂತಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ತಿಮ್ಮಯ್ಯ ಗಳ ಹಾಕಿದ. ತೆಪ್ಪ ಒಮ್ಮೆ ವಾಲಿತು, ನಾನು ಕಿರುಚಿದೆ. ಅದನ್ನು ಕಂಡ ಮುನಿರಾಜು ಯಾರೋ ನೀರಿಗೆ ಬಿದ್ದರೆಂದುಕೊಂಡು ಯಂತ್ರವನ್ನು ಥಟ್ಟನೆ ನಿಲ್ಲಿಸಿದ.

ಬೆಳಗಿನಿಂದ ಕಿವಿ ತುಂಬಿದ್ದ ಆ ಗುಡುಗು ನಿಂತಿತು. ಕೆರೆಯೆಲ್ಲ ಒಮ್ಮೆಲೇ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ, ಎಲೆಗಳ ಕಡೆಯಿಂದ, ಸಣ್ಣದೊಂದು ಚಿಂವ್ ಕೇಳಿಸಿತು. ಅದಕ್ಕೆ ಜವಾಬೆಂಬಂತೆ ಇನ್ನೊಂದು ಚಿಂವ್.

"ತಡಿ, ತಡಿ ತಿಮ್ಮಯ್ಯ. ಗಳ ಎತ್ತಬೇಡ."

ದೇವನಕ್ಕಿ ಒಂದು ಅಗಲವಾದ ಎಲೆಯ ಮೇಲೆ ನಿಂತಿತು. ಅತ್ತಿತ್ತ ನೋಡಿ ನಿಧಾನವಾಗಿ ರೆಕ್ಕೆ ಸಡಿಲಿಸಿತು. ಜೋತಾಡುತ್ತಿದ್ದ ಎಳೆಗಳು ಎಲೆಯ ಮೇಲೆ ಊರಿಕೊಂಡವು, ಅವುಗಳ ಮೇಲೊಂದು ಹತ್ತಿಯ ಉಂಡೆ ಹೊರಬಂತು. ಆಮೇಲೆ ಇನ್ನೊಂದು. ಬಲೆಯಲ್ಲ, ಎಳೆಯಲ್ಲ. ಕಾಲು! ಕಂಕುಳಲ್ಲಿ ಅವುಚಿಕೊಂಡ ಮರಿಗಳ ಕಾಲು!

ಒಂದು, ಎರಡು, ಮೂರು, ನಾಲ್ಕು. ಯಾವ ಹದ್ದೂ ಒಯ್ದಿರಲಿಲ್ಲ. ನನ್ನ ಅಂದಾಜಿಗಿಂತ ಮುಂಚೆಯೇ ಮೊಟ್ಟೆಯೊಡೆದು, ಬೆಳಕು ಹರಿಯುವ ಮೊದಲೇ ಅಪ್ಪ ಎಲ್ಲವನ್ನೂ ರೆಕ್ಕೆಯಡಿ ಎತ್ತಿಕೊಂಡು ಜಾಗ ಬದಲಿಸಿದ್ದ. ದೇವನಕ್ಕಿ ಹೀಗೆ ಮಾಡುತ್ತದೆಂದು ನಾನು ಓದಿದ್ದೆ. ಹೊಸಬರಿಗೆ ಹೇಳಿಕೊಟ್ಟೂ ಇದ್ದೆ. ಕಣ್ಣೆದುರು ಬಂದಾಗ ಮಾತ್ರ ನನಗೆ ಕಂಡದ್ದು ನೈಲಾನ್ ದಾರ. ತೆಪ್ಪದ ಮೇಲೆ ಕೂತೇ ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ. ತಿಮ್ಮಯ್ಯ ಮಾತ್ರ "ಅಲ್ಲಾಡಬ್ಯಾಡಿ ಅಮ್ಮಾ, ಬೀಳ್ತೀರ" ಎಂದು ಗದರುತ್ತಲೇ ಇದ್ದ.

ಸದ್ದಿಲ್ಲದೆ ದಂಡೆಗೆ ಹಿಂದಿರುಗಿದೆವು. ಅಷ್ಟರಲ್ಲಿ ಮುನಿರಾಜುವೂ ಓಡಿಬಂದಿದ್ದ, ಪ್ರಶಾಂತ್ ಸಾಹೇಬರ ಜೀಪೂ ಬಂದಿತ್ತು. ನನ್ನ ಕೆಸರು ಸೀರೆ ನೋಡಿ ಸಾಹೇಬರು ಗಾಬರಿಯಾದರು. ನಾನು ಕ್ಯಾಮೆರಾದ ಪರದೆ ತೋರಿಸಿದೆ.

"ಅಯ್ಯೋ, ಬಲೇಲಿ ಸಿಕ್ಕಿದ್ಯಲ್ಲ ಮೇಡಂ" ಎಂದರು.

ನನ್ನ ಜೀವಕ್ಕೆ ಎಷ್ಟು ಸಮಾಧಾನವಾಯಿತು ಗೊತ್ತೇ! "ಸರಿಯಾಗಿ ನೋಡಿ ಸಾರ್. ದಾರಕ್ಕೆ ಬೆರಳು ಇರ್ತವಾ?"

ಅವರು ಚಿತ್ರವನ್ನು ದೊಡ್ಡದು ಮಾಡಿ ನೋಡಿದರು, ಕತ್ತು ಓರೆ ಮಾಡಿ ಮತ್ತೆ ನೋಡಿದರು. ಆಮೇಲೆ ಮುಖದ ಮೇಲಿನ ಅಧಿಕಾರವೆಲ್ಲ ಇಳಿದುಹೋಯಿತು. "ಇವೆಲ್ಲ ಮರಿಗಳ ಕಾಲಾ?" ಎಂದು ಪಿಸುಗುಟ್ಟಿದರು. ಅಲ್ಲೇ ಮುನಿರಾಜುವಿಗೆ, "ಅಂತರಗಂಗೆ ಮಾತ್ರ ತೆಗೀರಿ. ತಾವರೆ ಕಡೆಗೆ ಹೋಗೋದೇ ಬೇಡ" ಎಂದರು. ಮುನಿರಾಜು "ನಾನ್ ಮೊದ್ಲೇ ಹೋಗಾಕಿಲ್ಲ ಅಂದ್ಕೊಂಡಿದ್ದೆ ಸಾರ್" ಎಂದ. ನಿಜವೋ ಸುಳ್ಳೋ, ಅವನ ಮಾತು ಹಿತವಾಗಿತ್ತು.

ಸಾಹೇಬರಿಗೆ ನನ್ನ ಚಾಪೆ, ನನ್ನ ಲೆನ್ಸು ಬಿಟ್ಟುಕೊಟ್ಟೆ. ಇಸ್ತ್ರಿ ಅಂಗಿಯಲ್ಲೇ ಅವರು ಬೋರಲು ಮಲಗಿದರು. ನಾಲ್ಕು ಮರಿಗಳೂ ಎಲೆಯಿಂದ ಎಲೆಗೆ ಓಡಾಡುತ್ತ ಹುಳ ಹೆಕ್ಕುತ್ತಿದ್ದವು. ಒಂದು ಮಾತ್ರ ಪುಂಡ, ಬಹಳ ದೂರ ಹೋಗಿಬಿಟ್ಟಿತ್ತು.

ಆಗ ನೀರಿನ ಮೇಲೆ ನೆರಳೊಂದು ಜಾರಿತು. ತಿಮ್ಮಯ್ಯ ತಲೆ ಎತ್ತಿ, "ಹದ್ದು" ಎಂದ.

ಅಪ್ಪ ಒಂದು ಸಲ ಕೂಗಿ ಎಲೆಯ ಮೇಲೆ ಕುಕ್ಕರಿಸಿ ರೆಕ್ಕೆ ತೆರೆಯಿತು. ಮೂರು ಮರಿಗಳು ಓಡಿಬಂದು ಒಳಗೆ ತೂರಿಕೊಂಡವು. ನಾಲ್ಕನೆಯದು ಎಲ್ಲೋ ಆಚೆ, ನಡುವೆ ಬರೀ ನೀರು. ಹದ್ದು ಇಳಿಯುತ್ತ ಸುತ್ತಿತು. ಸಾಹೇಬರ ಆಜ್ಞೆ, ನನ್ನ ಫೋಟೋ, ಯಾವುದೂ ಹದ್ದಿಗೆ ತಿಳಿಯುವಂಥದ್ದಲ್ಲ. ಅಪ್ಪ ಎದ್ದು ಓಡಬಹುದಿತ್ತು. ಓಡಲಿಲ್ಲ. ತೆರೆದ ರೆಕ್ಕೆಯನ್ನು ಮುಚ್ಚದೆ ಮತ್ತೆ ಕೂಗಿತು.

"ಬಾರೋ, ಬಾರೋ ಕಣೋ" ಎಂದು ಮುನಿರಾಜು ಹಲ್ಲು ಕಚ್ಚಿಕೊಂಡು ಗೊಣಗುತ್ತಿದ್ದ. ನಾನು ತಿಮ್ಮಯ್ಯನ ತೋಳನ್ನು ಯಾವಾಗ ಹಿಡಿದೆನೋ ತಿಳಿಯದು. ಮರಿ ನೀರಿಗೆ ಬಿತ್ತು, ಈಜಿತು, ಒಂದು ಎಲೆ ಹತ್ತಿ ಜಾರಿತು, ಮತ್ತೆ ಹತ್ತಿ ಓಡಿತು. ಬರಿಗಣ್ಣಿಗೆ ಅದೊಂದು ಚುಕ್ಕೆ. ಚುಕ್ಕೆ ಅಪ್ಪನ ಹತ್ತಿರ ಹೋಗಿ ಮಾಯವಾಯಿತು. ರೆಕ್ಕೆ ಮುಚ್ಚಿಕೊಂಡಿತು. ಒಳಗೆ ಹೋಯಿತೋ, ನೀರಿನ ಪಾಲಾಯಿತೋ ನಮಗೆ ಕಾಣಲಿಲ್ಲ. ದೇವನಕ್ಕಿ ಎದ್ದು ಜೊಂಡಿನ ಕಡೆಗೆ ಹೆಜ್ಜೆ ಹಾಕಿತು.

"ಸಾರ್, ಕಾಲು ಎಷ್ಟಿದಾವೆ ಎಣಿಸಿ" ಎಂದೆ.

"ತಡೀರಿ ಮೇಡಂ. ಅಪ್ಪಂದು ಎರಡು. ಈ ಕಡೆ ನಾಲ್ಕು... ಆ ಕಡೆ ಎರಡು... ಇರಿ, ತಿರುಗ್ತಾ ಇದೆ..."

ಸಾಹೇಬರು ಉಸಿರು ಬಿಗಿಹಿಡಿದರು. ನಾವೂ ಹಿಡಿದೆವು.

"ಹತ್ತು! ಮೇಡಂ, ಹತ್ತೂ ಇದಾವೆ!"

ಅವರು ಕೂಗಿದ ಕೂಗಿಗೆ ಹೆಜ್ಜಾರ್ಲೆಗಳೆಲ್ಲ ಎದ್ದು ಹಾರಿದವು, ಗುಳುಮುಳುಕಗಳು ಒಟ್ಟಿಗೆ ಮುಳುಗಿದವು, ಹದ್ದೂ ಬೆದರಿ ದೇವನಹಳ್ಳಿಯ ದಿಕ್ಕಿಗೆ ಹೊರಟುಹೋಯಿತು. ನನ್ನ ಸೇವೆಯಲ್ಲಿ ಕೆರೆ ಏರಿಯ ಮೇಲೆ ಕಿರುಚಿದವರೊಬ್ಬರನ್ನು ಬೈಯದೆ ಬಿಟ್ಟದ್ದು ಅದೊಂದೇ ಸಲ. ಬೈಯಲು ಬಿಡುವೆಲ್ಲಿತ್ತು, ನಾನೂ ಕೂಗುತ್ತಿದ್ದೆ.